ಗೋಲಿಯ ಊಟದ ಲೆಕ್ಕ

ಗೋಲಿ ನಮ್ಮ ಮನೆಗೆ ಬಂದ ದಿನ ಅವಳ ತೂಕ ಸರಿಯಾಗಿ ಒಂದು ಕಿಲೋ. ನನ್ನ ಆಫೀಸಿನ ಲ್ಯಾಪ್‌ಟಾಪ್ ಚಾರ್ಜರ್ ಸಮೇತ ಅದರ ಎರಡು ಪಟ್ಟು ತೂಗುತ್ತದೆ. ಶಿತ್ಸು ಜಾತಿಯ ಹೆಣ್ಣು ಮರಿ, ಮುಖದ ತುಂಬ ಕೂದಲು, ಎಲ್ಲಿ ಮುಖ ಎಲ್ಲಿ ಬಾಲ ಎಂದು ದೂರದಿಂದ ತಿಳಿಯುವುದಿಲ್ಲ. ಆಯಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ನಾಯಿಯೋ, ಹತ್ತಿಯ ಉಂಡೆಯೋ?" ಎಂದು ಕೇಳಿದಳು.

ನಾಯಿ ಬೇಕೆಂದು ಹಠ ಹಿಡಿದದ್ದು ಎಂಟನೇ ಕ್ಲಾಸಿನ ಮಗಳು. ಹನ್ನೆರಡು ಸ್ಲೈಡಿನ ಪ್ರೆಸೆಂಟೇಶನ್ ಮಾಡಿ ನನ್ನನ್ನೂ ಹೆಂಡತಿಯನ್ನೂ ಸೋಫಾದ ಮೇಲೆ ಕೂರಿಸಿ ಒಪ್ಪಿಸಿದಳು (ಈ ಗುಣ ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ). ಆದರೆ ನಾನು ಒಪ್ಪಿದ್ದಕ್ಕೆ ಬೇರೆಯದೇ ಕಾರಣ ಇತ್ತು. ಅಪ್ಪ ಹೋದ ಮೇಲೆ ಎರಡು ವರ್ಷ ಆಯಿ ಶಿರಸಿ ಸೀಮೆಯ ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಳು. ಕಳೆದ ಮಳೆಗಾಲ ಮುಗಿದ ಮೇಲೆ ತೋಟವನ್ನು ದಾಯಾದಿಯೊಬ್ಬರಿಗೆ ನೋಡಿಕೊಳ್ಳಲು ಕೊಟ್ಟು, ಅವಳನ್ನು ಪುಣೆಗೆ ಕರೆದುಕೊಂಡು ಬಂದೆ. ವಾಕಡದಲ್ಲಿ ಹನ್ನೊಂದನೇ ಮಹಡಿ. ಬೆಳಿಗ್ಗೆ ಎಂಟೂವರೆಗೆ ನಾವಿಬ್ಬರೂ ಹಿಂಜವಡಿಯ ಟ್ರಾಫಿಕ್ಕಿಗೆ ಇಳಿದರೆ, ಮಗಳು ಶಾಲೆಯಿಂದ ಬರುವವರೆಗೆ ಆಯಿಗೆ ಮಾತಿಗೆ ಯಾರೂ ಇಲ್ಲ. ಮರಾಠಿ ಬಾರದು, ಹಿಂದಿ ಧಾರಾವಾಹಿಯಷ್ಟು. ನಾವು ತಾಯಿಯನ್ನು ಆಯಿ ಎಂದು ಕರೆಯುವುದನ್ನು ಕೇಳಿ ಎದುರು ಮನೆಯ ಮರಾಠಿ ಹೆಂಗಸು ಖುಷಿಯಾಗಿ ನಕ್ಕಿದ್ದೇ ಅವಳಿಗೆ ಈ ಊರಿನಲ್ಲಿ ಸಿಕ್ಕ ಮೊದಲ ನಂಟು. (ಆಯಿಯ ಮಾತುಗಳನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವಾಡುವ ಮಾತು ಬರೆದರೆ ಅರ್ಧ ಓದುಗರಿಗೆ ಅಡಿಟಿಪ್ಪಣಿ ಬೇಕಾದೀತು.)

ಮಾರಿದವನು ಮರಿಗೆ ಎರಡು ತಿಂಗಳು ತುಂಬಿದೆ ಎಂದಿದ್ದ. ಮರುದಿನ ಪಶುವೈದ್ಯೆ ಅದರ ಬಾಯಿ ತೆರೆದು ಹಲ್ಲು ನೋಡಿ, ಆರು ವಾರ ದಾಟಿದ್ದರೆ ಹೆಚ್ಚು ಎಂದರು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು ಎಂದು 2017ರ ಕೇಂದ್ರ ಸರ್ಕಾರದ ನಿಯಮವೇ ಇದೆ. ನನಗದು ಗೊತ್ತಾದದ್ದು ಯುಪಿಐಯಲ್ಲಿ ದುಡ್ಡು ಹೋದ ಮೇಲೆ. "ತಿರುಗಿ ಕೊಡುವ ಮಾತು ಬಿಡಿ, ಈಗ ಇದನ್ನು ಉಳಿಸಿಕೊಳ್ಳುವ ಮಾತಾಡೋಣ. ಅಲ್ಲಿ ಏನು ತಿನ್ನುತ್ತಿತ್ತೋ ಸದ್ಯಕ್ಕೆ ಅದನ್ನೇ ಕೊಡಿ, ದಿನಕ್ಕೆ ನಾಲ್ಕು ಸಲ," ಎಂದರು ಡಾಕ್ಟರು. ನಾನು ಹೂಂ ಎಂದು ತಲೆಯಾಡಿಸಿದೆ. ಹೂಂ ಎಂದದ್ದನ್ನು ನೆನಪಿಟ್ಟುಕೊಳ್ಳಿ.

ಏಕೆಂದರೆ ಅಲ್ಲಿ ಅದು ತಿನ್ನುತ್ತಿದ್ದದ್ದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ತೂಗಿ ಕೊಟ್ಟ ಕಂದು ಗುಳಿಗೆಗಳು. ಅದಕ್ಕೆ ಹೆಸರಿಲ್ಲ, ತಾರೀಕಿಲ್ಲ, ಯಾವುದೋ ದೊಡ್ಡ ಮೂಟೆಯಿಂದ ಬಗೆದು ಕೊಟ್ಟದ್ದು. ಅದನ್ನು ನೋಡಿ ನನ್ನೊಳಗಿನ ಎಂಟೆಕ್ ಎದ್ದು ಕೂತ. ಆ ರಾತ್ರಿಯೇ ಎಕ್ಸೆಲ್ ಶೀಟು ತೆರೆದೆ.

ಆಯಿ ಊಟ ಬಡಿಸುತ್ತ, "ಅನ್ನ ಮಜ್ಜಿಗೆ ಕಲಸಿ ಹಾಕಿದ್ರೆ ಆಗ್ತಿಲ್ವ? ನಮ್ಮ ಕಾಳ ಅದನ್ನೇ ತಿಂದು ಹದಿಮೂರು ವರ್ಷ ಇದ್ದ," ಎಂದಳು. ಕಾಳ ನನ್ನ ಬಾಲ್ಯದ ನಾಯಿ. ಅಂಗಳದ ಮೂಲೆಯ ಕಲ್ಲಿನ ಬೋಗುಣಿಯಲ್ಲಿ ಅವನಿಗೆ ಮಧ್ಯಾಹ್ನ ಅನ್ನ ಮಜ್ಜಿಗೆ, ರಾತ್ರಿ ಅನ್ನ ಮಜ್ಜಿಗೆ, ಹಬ್ಬದ ದಿನ ಒಂದು ಹೋಳಿಗೆಯ ಚೂರು. "ಊಟ ಆದಮೇಲೆ ಕಾಳ ಎಲ್ಲಿಗೆ ಹೋಗ್ತಿದ್ದ ಹೇಳು?" ಎಂದೆ. "ಗದ್ದೆಗೆ." "ಗದ್ದೆಯಲ್ಲಿ ಎಂತ ಮಾಡ್ತಿದ್ದ?" ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲಿ ಹಿಡೀತಿದ್ದ. ಏಡಿಯನ್ನೂ," ಎಂದಳು. ನಾನು ಗೆದ್ದವನಂತೆ ಲ್ಯಾಪ್‌ಟಾಪಿನತ್ತ ತಿರುಗಿದೆ.

ಆ ವಾರ ನಾನು ಓದಿದ್ದರಲ್ಲಿ ಕೆಲವು ಸಂಗತಿಗಳನ್ನು ಹೇಳಲೇಬೇಕು, ಏಕೆಂದರೆ ನನ್ನ ಹಾಗೆ ಫ್ಲಾಟಿನಲ್ಲಿ ಮರಿ ತಂದುಕೊಂಡು ಅಂಗಡಿಯ ಕಪಾಟಿನ ಮುಂದೆ ಕಕ್ಕಾಬಿಕ್ಕಿಯಾದವರು ನಿಮ್ಮಲ್ಲೂ ಇರಬಹುದು. ಪೊಟ್ಟಣದಲ್ಲಿ ನಾಯಿಯ ಊಟ ಮಾರುವ ವ್ಯಾಪಾರ ಶುರುವಾದದ್ದು 1860ರ ಸುಮಾರಿಗೆ, ಲಂಡನ್ನಿನಲ್ಲಿ, ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕದವನ ನಾಯಿ ಬಿಸ್ಕತ್ತಿನಿಂದ. ಇಂದು ನಾವು ನೋಡುವ ಉಬ್ಬಿದ ಗುಳಿಗೆ 1957ರಲ್ಲಿ ಪ್ಯೂರಿನಾ ಕಂಪನಿಯಿಂದ ಪೇಟೆಗೆ ಬಂತು. ಹಿಟ್ಟನ್ನು ಶಾಖ ಮತ್ತು ಒತ್ತಡದಲ್ಲಿ ತೂತಿನ ಮೂಲಕ ಹೊರದಬ್ಬಿ ಕತ್ತರಿಸಿ ಒಣಗಿಸುವ ವಿಧಾನ. ಕುರ್ಕುರೆ ಆಗುವುದೂ ಹೆಚ್ಚುಕಡಿಮೆ ಹೀಗೆಯೇ ಎಂದು ಮಗಳಿಗೆ ಹೇಳಿ ಬೈಸಿಕೊಂಡೆ.

ಪೊಟ್ಟಣದ ಮುಂಭಾಗ ಚಿತ್ರಗಳಿಗೆ, ಹಿಂಭಾಗ ಸಣ್ಣ ಅಕ್ಷರಗಳಿಗೆ. ಹಿಂಭಾಗದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ, ಹೆಚ್ಚು ತೂಕದ್ದು ಮೊದಲು. ಮೊದಲ ಹೆಸರು ಕೋಳಿ ಮಾಂಸ ಎಂದಿದ್ದರೆ ನಾವು ಖುಷಿಪಡುತ್ತೇವೆ. ಆದರೆ ತೂಕ ಹಾಕಿದ್ದು ಹಸಿ ಮಾಂಸವನ್ನು. ಅದರಲ್ಲಿ ಸುಮಾರು 70 ಭಾಗ ನೀರು. ಗುಳಿಗೆ ಒಣಗುವ ಹೊತ್ತಿಗೆ ಪಟ್ಟಿಯ ನಾಯಕ ಎರಡನೆಯ ಸಾಲಿಗೋ ಮೂರನೆಯ ಸಾಲಿಗೋ ಸರಿದಿರುತ್ತಾನೆ. 'ಚಿಕನ್ ಮೀಲ್' ಎಂದರೆ ಕೀಳು ಎಂದು ತಿಳಿದಿದ್ದೆ. ಅದು ಮೊದಲೇ ನೀರು ತೆಗೆದ ಪುಡಿ, ಹಾಗಾಗಿ ಅದೇ ತೂಕದಲ್ಲಿ ಪ್ರೋಟೀನು ಹೆಚ್ಚು. ಇನ್ನೊಂದು ಜಾಣತನ ಬಟಾಣಿಯದು. ಬಟಾಣಿ, ಬಟಾಣಿ ಪ್ರೋಟೀನು, ಬಟಾಣಿ ಪಿಷ್ಟ ಎಂದು ಮೂರು ಹೆಸರಿನಲ್ಲಿ ಮೂರು ಕಡೆ ಬರೆದರೆ ಒಂದೊಂದೂ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ. ಕೂಡಿಸಿ ನೋಡಿದರೆ ಚೀಲದ ತುಂಬ ಬಟಾಣಿಯೇ. ಒಂದೇ ಖರ್ಚನ್ನು ಮೂರು ತಲೆಬರಹದಡಿ ಹಂಚಿ ಬಜೆಟ್ ಪಾಸು ಮಾಡಿಸಿಕೊಂಡವನಿಗೆ ಈ ವಿದ್ಯೆ ಹೊಸದಲ್ಲ.

ಪ್ರೋಟೀನಿನ ಅಂಕಿ ಇನ್ನೂ ಮೋಸಗಾರ. ಗ್ರೇವಿಯ ಪೌಚಿನ ಮೇಲೆ 8 ಶೇಕಡಾ ಎಂದಿತ್ತು, ಒಣ ಗುಳಿಗೆಯ ಮೇಲೆ 28. ಯಾರು ಮೇಲು? ಪೌಚಿನಲ್ಲಿ 80 ಭಾಗ ನೀರು. ಉಳಿದ 20ರಲ್ಲಿ 8 ಎಂದರೆ ಒಣ ಲೆಕ್ಕದಲ್ಲಿ 40 ಶೇಕಡಾ. ಗುಳಿಗೆಯಲ್ಲಿ ನೀರು 10 ಭಾಗ, ಹಾಗಾಗಿ ಅದರದ್ದು 31. ಮರಿಗೆ ಒಣ ಲೆಕ್ಕದಲ್ಲಿ ಕನಿಷ್ಠ 22.5 ಶೇಕಡಾ, ಬೆಳೆದ ನಾಯಿಗೆ 18 ಸಾಕು ಎಂದು ಅಮೆರಿಕದ ಆಫ್ಕೋ ಸಂಸ್ಥೆಯ ಮಾನದಂಡ. ಅಂಗಡಿಯ ಮುಕ್ಕಾಲು ಪಾಲು ಪಪ್ಪಿ ಊಟಗಳು ಈ ಗಡಿಯನ್ನು ದಾಟಿಯೇ ಇರುತ್ತವೆ. ಹಾಗಾದರೆ 38 ಶೇಕಡಾ ಎಂದು ಬೀಗುವುದೇಕೆ ಎಂದು ನಾನು ಕೇಳಿಕೊಳ್ಳಬೇಕಿತ್ತು, ಕೇಳಿಕೊಳ್ಳಲಿಲ್ಲ.

ಇನ್ನೊಂದು ಕಥೆ ನನ್ನನ್ನು ಸರಿರಾತ್ರಿಯವರೆಗೆ ಕೂರಿಸಿತು. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಯಂತ್ರಕ್ಕೆ ಸಾರಜನಕ ಎಲ್ಲಿಂದ ಬಂತು ಎನ್ನುವುದು ಬೇಕಿಲ್ಲ. ಹಾಗಾಗಿಯೇ ಚೀನಾದಿಂದ ಬಂದ ಗೋಧಿ ಗ್ಲೂಟನ್ನಿಗೆ ಮೆಲಮೈನ್ ಎಂಬ ಸಾರಜನಕ ತುಂಬಿದ ರಾಸಾಯನಿಕ ಬೆರೆಸಿದ್ದರು. ಪರೀಕ್ಷೆಯಲ್ಲಿ ಪ್ರೋಟೀನು ಹೆಚ್ಚು ತೋರಿತು. 2007ರಲ್ಲಿ ಅಮೆರಿಕದಲ್ಲಿ ಅದನ್ನು ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟವು, ಎಷ್ಟೋ ಸತ್ತವು, ಹತ್ತಾರು ಬ್ರಾಂಡುಗಳ ಊಟವನ್ನು ಅಂಗಡಿಗಳಿಂದ ವಾಪಸು ತೆಗೆಸಬೇಕಾಯಿತು. ಯಾವುದನ್ನು ಅಳೆಯುತ್ತೇವೋ ಅದನ್ನೇ ಕೆಲವರು ತಯಾರಿಸಿ ಕೊಡುತ್ತಾರೆ. ನನ್ನ ಟೀಮಿನ ಟೈಮ್‌ಶೀಟುಗಳು ಕಣ್ಣ ಮುಂದೆ ಬಂದವು.

ಇಷ್ಟೆಲ್ಲ ಓದಿದವನು ಕೊನೆಗೆ ಮಾಡಿದ್ದೇನು? ಹದಿನಾಲ್ಕು ಊಟಗಳು, ಒಂಬತ್ತು ಕಾಲಂಗಳು, ಒಂದೊಂದಕ್ಕೂ ತೂಕದ ಅಂಕ. ವೆಂಡರ್ ಆಯ್ಕೆಗೆ ಆಫೀಸಿನಲ್ಲಿ ಬಳಸುವ ಅದೇ ಶೀಟು. ಗೆದ್ದದ್ದು ವಿದೇಶದ, ಧಾನ್ಯವಿಲ್ಲದ, ಮೀನಿನ, 38 ಶೇಕಡಾ ಪ್ರೋಟೀನಿನ ಗುಳಿಗೆ. ಹೆಸರು ಹೇಳುವುದಿಲ್ಲ, ತಪ್ಪು ಅದರದ್ದಲ್ಲ. ಗುರುವಾರ ಸಂಜೆ ಡೆಲಿವರಿಯಾಯಿತು. ಅಂದೇ ಪ್ಲಾಸ್ಟಿಕ್ ಚೀಲದ ಹಳೆಯ ಗುಳಿಗೆಗಳನ್ನು ಕಸದ ಡಬ್ಬಿಗೆ ಸುರಿದೆ.

ಇದಕ್ಕಿಂತ ದೊಡ್ಡ ವಿಪರ್ಯಾಸ ಬೇಡ. ಇಪ್ಪತ್ತು ವರ್ಷಗಳಿಂದ ಪ್ರತಿಯೊಬ್ಬ ಕ್ಲೈಂಟಿಗೂ ನಾನು ಹೇಳುತ್ತ ಬಂದಿರುವ ಒಂದೇ ಮಾತು, ಹಳೆಯ ಸಿಸ್ಟಮನ್ನು ಒಂದೇ ರಾತ್ರಿಯಲ್ಲಿ ಮುಚ್ಚಬೇಡಿ, ಎರಡನ್ನೂ ಕೆಲವು ದಿನ ಜೊತೆಯಲ್ಲಿ ಓಡಿಸಿ ಎಂಬುದು.

ಹೊಸ ಗುಳಿಗೆಗಳು ತ್ರಿಕೋನಾಕಾರ, ಗಟ್ಟಿ, ಗೋಲಿಯ ಬಾಯಿಗೆ ದೊಡ್ಡವು. ಗುರುವಾರ ರಾತ್ರಿ ಒಂದೆರಡು ಕಚ್ಚಿ ಉಗುಳಿದಳು. ಶುಕ್ರವಾರ ಬೆಳಿಗ್ಗೆ ಮೂಸಿ ತಿರುಗಿದಳು. ಮಧ್ಯಾಹ್ನ ನಾನು ಸ್ಟಿಯರಿಂಗ್ ಕಮಿಟಿಯ ಕಾಲ್‌ನಲ್ಲಿದ್ದಾಗ ಆಯಿಯ ಫೋನು. "ತಮಾ, ಇದು ಎಂತದೂ ತಿಂತಾ ಇಲ್ಲ. ಬೆಳಿಗ್ಗೆಯಿಂದ ಮಲಗೇ ಇದೆ." ಮ್ಯೂಟ್ ಒತ್ತಿ, "ಹಸಿವಾದರೆ ತಿನ್ನುತ್ತೆ ಬಿಡು ಆಯಿ. ಅನ್ನ ಗಿನ್ನ ಹಾಕಬೇಡ ಮತ್ತೆ," ಎಂದೆ. ಸಂಜೆ ಪೇಚಾಡುತ್ತ ಒಂದಿಷ್ಟು ನೆಕ್ಕಿದಳು, ರಾತ್ರಿ ಭೇದಿಯಾಯಿತು. ಪ್ರೋಟೀನು ಜಾಸ್ತಿ, ಹೊಂದಿಕೊಳ್ಳಲು ಸಮಯ ಬೇಕು ಎಂದು ಮನೆಯವರಿಗೆ ವಿವರಿಸಿ ಮಲಗಿದೆ.

ಶನಿವಾರ ಬೆಳಗಿನ ಐದೂವರೆಗೆ ಆಯಿ ನನ್ನ ಕೋಣೆಯ ಬಾಗಿಲು ಬಡಿದಳು. ಹಾಲ್‌ನಲ್ಲಿ ಗೋಲಿ ಏಳಲು ನೋಡುತ್ತಿದ್ದಳು, ಹಿಂಗಾಲು ಜಾರುತ್ತಿತ್ತು. ಕುಡಿದವರ ಹಾಗೆ ತಲೆ ತೂಗುತ್ತಿತ್ತು. ಮುಟ್ಟಿದರೆ ಕಿವಿ ತಣ್ಣಗೆ. ಮೈಯಲ್ಲಿ ಸಣ್ಣ ನಡುಕ. ನಾನು ಫೋನು ಹಿಡಿದು ಏನು ಟೈಪ್ ಮಾಡಬೇಕೆಂದೇ ತೋಚದೆ ನಿಂತೆ.

"ಇದಕ್ಕೆ ಸಕ್ಕರೆ ಇಳಿದದೆ," ಎಂದಳು ಆಯಿ.

ಅಪ್ಪನಿಗೆ ಹದಿನೆಂಟು ವರ್ಷ ಡಯಾಬಿಟಿಸ್, ಕೊನೆಯ ಏಳು ವರ್ಷ ಇನ್ಸುಲಿನ್. ಬೆಳಗಿನ ಜಾವ ಅವನ ಸಕ್ಕರೆ ಇಳಿಯುತ್ತಿತ್ತು. ಅವನ ಮೈ ಬೆವರಿ ತಣ್ಣಗಾಗುವುದು, ಕೈ ನಡುಗುವುದು, ಮಾತು ತೊದಲುವುದು, ಇವೆಲ್ಲ ಆಯಿಗೆ ಗೊತ್ತಿದ್ದಷ್ಟು ನಮ್ಮ ಊರಿನ ಡಾಕ್ಟರಿಗೂ ಗೊತ್ತಿರಲಿಲ್ಲ. ಮಂಚದ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಬಾಟಲಿಯಲ್ಲಿ ಜೋನಿ ಬೆಲ್ಲ ಸದಾ ಇರುತ್ತಿತ್ತು. ಬೆರಳಲ್ಲಿ ಅದ್ದಿ ಅಪ್ಪನ ಕೆನ್ನೆಯ ಒಳಗೆ ಸವರುತ್ತಿದ್ದಳು. ನಾನು ಆಗ ಪುಣೆಯಲ್ಲಿ. ಇದೆಲ್ಲ ನನಗೆ ಫೋನಿನಲ್ಲಿ ಕೇಳಿ ಗೊತ್ತು, "ನಿನ್ನೆ ಸ್ವಲ್ಪ ಲೋ ಆಗಿತ್ತು, ಈಗ ಆರಾಮು" ಎನ್ನುವಷ್ಟು.

ಡಾಕ್ಟರು ನಾಲ್ಕನೇ ರಿಂಗಿಗೆ ಎತ್ತಿದರು. ನಾನು ಲಕ್ಷಣ ಹೇಳಿ ಮುಗಿಸುವ ಮೊದಲೇ, "ಜೇನೋ ಗ್ಲೂಕೋಸೋ ಇದ್ದರೆ ವಸಡಿಗೆ ಸವರಿ. ಬಾಯಿಗೆ ಹೊಯ್ಯಬೇಡಿ, ನೆತ್ತಿಗೇರುತ್ತದೆ. ಬೆಚ್ಚಗೆ ಸುತ್ತಿ ಕ್ಲಿನಿಕ್ಕಿಗೆ ಬನ್ನಿ," ಎಂದರು. ತಿರುಗಿ ನೋಡಿದರೆ ಆಯಿ ಆಗಲೇ ನೆಲದ ಮೇಲೆ ಕೂತು, ಗೋಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಿರುಬೆರಳಿನಿಂದ ಜೋನಿ ಬೆಲ್ಲವನ್ನು ಅದರ ವಸಡಿಗೆ ತಿಕ್ಕುತ್ತಿದ್ದಳು. ಊರಿನಿಂದ ಬರುವಾಗ ದೋಸೆಗೆಂದು ತಂದ ಡಬ್ಬಿ. ಮಡಿ ಮೈಲಿಗೆ ಎಂದು ಬೆಕ್ಕನ್ನೂ ಅಡುಗೆಮನೆಗೆ ಬಿಡದ ಹೆಂಗಸು.

ಹತ್ತು ನಿಮಿಷದಲ್ಲಿ ನಾಲಿಗೆ ಆಡಿತು. ಕಾರಿನಲ್ಲಿ ಕಣ್ಣು ಪೂರ್ತಿ ತೆರೆಯಿತು. ಕ್ಲಿನಿಕ್ಕಿನಲ್ಲಿ ಕಾಲಿನ ನರಕ್ಕೆ ಸೂಜಿ ಹಾಕಿ ಗ್ಲೂಕೋಸ್ ಕೊಟ್ಟರು, ಮಧ್ಯಾಹ್ನದವರೆಗೆ ಅಲ್ಲೇ ಇಟ್ಟುಕೊಂಡರು. ಯಾರು ಸವರಿದ್ದು ಎಂದು ಡಾಕ್ಟರು ಕೇಳಿದರು. ಆಯಿಯ ಕಡೆ ಕೈ ತೋರಿಸಿದೆ. "ಆಈ, ತುಮ್ಹೀ ವಾಚವಲಂತ್," ಎಂದು ಅವರು ಆಯಿಯ ಕೈ ಹಿಡಿದುಕೊಂಡರು, ನೀವೇ ಉಳಿಸಿದ್ದು ಎಂದು. ಆಯಿಗೆ ಮೊದಲನೆಯ ಶಬ್ದ ಮಾತ್ರ ತಿಳಿಯಿತು.

ಆಮೇಲೆ ಡಾಕ್ಟರು ನನ್ನನ್ನು ಕೂರಿಸಿ ಒಂದು ಲೆಕ್ಕ ಹಾಕಿಸಿದರು. ಪ್ರಾಣಿಯ ದೇಹ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ ತೂಕದ ಜೊತೆ ನೇರವಾಗಿ ಏರುವುದಿಲ್ಲ, ತೂಕದ ಮುಕ್ಕಾಲನೆಯ ಘಾತದ ಜೊತೆ ಏರುತ್ತದೆ. ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಕಂಡುಕೊಂಡ ಸೂತ್ರ. ಅದನ್ನು 70ರಿಂದ ಗುಣಿಸಬೇಕು. ಒಂದು ಕಿಲೋ ಮರಿಗೆ ಘಾತ ಎಷ್ಟಾದರೂ ಒಂದೇ, ಹಾಗಾಗಿ 70 ಕ್ಯಾಲೊರಿ. ನಾಲ್ಕು ತಿಂಗಳೊಳಗಿನ ಮರಿ ಬೆಳೆಯುತ್ತಿರುವುದರಿಂದ ಅದರ ಮೂರು ಪಟ್ಟು, ದಿನಕ್ಕೆ 210. ಕಿಲೋವೊಂದಕ್ಕೆ 210 ಎಂದರೆ ಎಷ್ಟು? 72 ಕಿಲೋದ ನಾನು ಅದೇ ಲೆಕ್ಕದಲ್ಲಿ ಉಂಡರೆ ದಿನಕ್ಕೆ ಹದಿನೈದು ಸಾವಿರ ಕ್ಯಾಲೊರಿ ಬೇಕು. ಮಸಾಲೆ ದೋಸೆಗಳಲ್ಲಿ ಲೆಕ್ಕ ಹಾಕಲು ಹೋಗಿ ಬಿಟ್ಟೆ. ಇಷ್ಟು ಉರಿಯುವ ಒಲೆಗೆ ಸೌದೆ ಕೂಡಿಡಲು ಜಾಗವೇ ಇಲ್ಲ. ಹೊಟ್ಟೆ ಸಣ್ಣದು, ಸಕ್ಕರೆಯನ್ನು ಕೂಡಿಡುವ ಯಕೃತ್ತು ಇನ್ನೂ ಬಲಿತಿಲ್ಲ, ಮೈಯಲ್ಲಿ ಕೊಬ್ಬಿಲ್ಲ. ಲ್ಯಾಬ್ರಡಾರ್ ಮರಿ ಎರಡು ಹೊತ್ತು ಮುನಿಸಿಕೊಂಡರೂ ನಡೆದೀತು. ಇದು ನಡೆಯುವುದಿಲ್ಲ. "ನಿಮ್ಮ ಶೀಟಿನಲ್ಲಿ ಒಂದು ಕಾಲಂ ಕಡಿಮೆ ಇದೆ. ಮರಿ ಅದನ್ನು ತಿನ್ನುತ್ತದೆಯೇ?" ಎಂದರು ಡಾಕ್ಟರು. ಬೈದಿದ್ದರೆ ಇದಕ್ಕಿಂತ ಹಗುರವಾಗಿರುತ್ತಿತ್ತು.

ನಾನು ಆರಿಸಿದ್ದರ ಬಗ್ಗೆಯೂ ಹೇಳಿದರು. ಧಾನ್ಯವಿಲ್ಲದ್ದು ಶ್ರೇಷ್ಠ ಎನ್ನುವುದಕ್ಕೆ ಆಧಾರವಿಲ್ಲ. ಬಟಾಣಿ, ಬೇಳೆಗಳು ತುಂಬಿದ ಅಂಥ ಊಟಗಳಿಗೂ ನಾಯಿಗಳ ಒಂದು ಬಗೆಯ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆ ಶುರುಮಾಡಿತ್ತು. ಕಾರಣ ಅದೇ ಎಂದು ಸಾಬೀತಾಗಿಲ್ಲ, ಆದರೆ ಬೇಕಾದ ಕಾರಣವಿಲ್ಲದೆ ಆ ದಾರಿ ಹಿಡಿಯುವುದೇಕೆ? ಅನ್ನ ನಾಯಿಗೆ ವೈರಿಯೇನಲ್ಲ. ಮನುಷ್ಯರ ಜೊತೆ ಸಾವಿರಾರು ವರ್ಷ ಉಂಡು, ಪಿಷ್ಟ ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಹೆಚ್ಚಿವೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ್ದಾರೆ. ಇದನ್ನು ಆಯಿಗೆ ಅನುವಾದಿಸಿ ಹೇಳುವುದು ನನಗೆ ಅಷ್ಟು ಸುಲಭವಾಗಲಿಲ್ಲ. ಆದರೆ ಹೇಳಿದೆ.

ಹಾಗಾದರೆ ಏನು ನೋಡಬೇಕು? ಅವರು ಹೇಳಿದ್ದು ಹೆಚ್ಚೇನಿಲ್ಲ. ಒಂದು ಸಾಲು ಹುಡುಕಿ: ಈ ಊಟ ಬೆಳೆಯುವ ಮರಿಗೆ ಪೂರ್ಣ ಮತ್ತು ಸಮತೋಲಿತ ಎಂದು ಬರೆದಿರಬೇಕು, 'ಪೂರಕ' ಎಂದಲ್ಲ. ಚೆಂದದ ಗ್ರೇವಿ ಪೌಚುಗಳಲ್ಲಿ ಎಷ್ಟೋ ಪೂರಕ ಮಾತ್ರ, ಅದನ್ನೇ ಹೊಟ್ಟೆತುಂಬ ಹಾಕಿದರೆ ಮರಿ ಉಂಡೂ ಬಡವಾಗುತ್ತದೆ. ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆ ಇರಬಾರದು, ಎರಡು ಪಟ್ಟು ಮೀರಬಾರದು. ಗುಳಿಗೆ ಅದರ ಬಾಯಿಯ ಅಳತೆಗೆ ಇರಬೇಕು. ಶಿತ್ಸುವಿನ ದವಡೆ ಚಿಕ್ಕದು, ಮುಖ ಚಪ್ಪಟೆ. ಕಂಪನಿಯಲ್ಲಿ ಪೋಷಣೆ ಓದಿದವರು ಇದ್ದಾರೆಯೇ, ಎಲ್ಲಿ ತಯಾರಿಸುತ್ತಾರೆ, ಒಂದು ಕಿಲೋಗೆ ಎಷ್ಟು ಕ್ಯಾಲೊರಿ ಎಂದು ಕೇಳಿ ಒಂದು ಇಮೇಲ್ ಹಾಕಿ. ಐದು ಕಂಪನಿಗಳಿಗೆ ಹಾಕಿದೆ. ಎರಡು ಉತ್ತರಿಸಿದವು, ಒಂದು ಡಿಸ್ಕೌಂಟ್ ಕೂಪನ್ ಕಳಿಸಿತು, ಉಳಿದೆರಡು ಇವತ್ತಿಗೂ ಇಲ್ಲ. ಹದಿನಾಲ್ಕು ಸಾಲುಗಳ ನನ್ನ ಶೀಟು ಹೀಗೆ ಎರಡು ಸಾಲಿಗೆ ಇಳಿಯಿತು. ಅದರಲ್ಲಿ ಗೋಲಿ ಬಾಲ ಆಡಿಸಿ ತಿಂದದ್ದು ಒಂದು, ಅನ್ನವೂ ಕೋಳಿಯೂ ಇರುವ, ಸಣ್ಣ ಜಾತಿಯ ಮರಿಗಳ ಸಾಧಾರಣ ಗುಳಿಗೆ. ನನ್ನ ಮೊದಲ ಪಟ್ಟಿಯಲ್ಲಿ ಅದರ ಸ್ಥಾನ ಒಂಬತ್ತು.

ದೊಡ್ಡ ಚೀಲ ಅಗ್ಗ ಎಂದು 10 ಕಿಲೋದ್ದಕ್ಕೆ ಕೈ ಹಾಕಿದ್ದೆ. ದಿನಕ್ಕೆ 55 ಗ್ರಾಂ ತಿನ್ನುವ ಮರಿಗೆ ಅದು ಆರು ತಿಂಗಳು, ದೊಡ್ಡದಾದ ಮೇಲೂ ಮೂರು ತಿಂಗಳು. ಚೀಲ ಒಡೆದ ಮೇಲೆ ಗುಳಿಗೆಯ ಮೇಲಿನ ಕೊಬ್ಬು ಗಾಳಿಗೆ ಕಮಟುತ್ತದೆ, ಪುಣೆಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಒಂದು ಕಿಲೋದ ಪೊಟ್ಟಣ ತರುತ್ತೇವೆ, ಮೂಲ ಚೀಲದ ಸಮೇತ ಡಬ್ಬಿಯಲ್ಲಿಟ್ಟು ಮುಚ್ಚುತ್ತೇವೆ. ಒಂದು ಹೊತ್ತಿಗೆ 14 ಗ್ರಾಂ, ಬೆಚ್ಚಗಿನ ನೀರಿನಲ್ಲಿ ನೆನೆಸಿ, ದಿನಕ್ಕೆ ನಾಲ್ಕು ಸಲ; ಕೊನೆಯದು ರಾತ್ರಿ ಹನ್ನೊಂದಕ್ಕೆ. ಮುಂದೆ ಊಟ ಬದಲಿಸುವ ದಿನ ಬಂದರೆ ಏಳರಿಂದ ಹತ್ತು ದಿನ, ಕಾಲು ಭಾಗ ಹೊಸದರಿಂದ ಶುರು. ಆ ಮಾತು ಇನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಉಳಿದದ್ದು ಕೋಳಿಯ ಪ್ರಶ್ನೆ. ಅಪ್ಪ ಇದ್ದ ಮನೆಗೆ ಮೊಟ್ಟೆಯೂ ಬಂದದ್ದಿಲ್ಲ. ನಾನು ಆ ಪೊಟ್ಟಣವನ್ನು ಬಾಲ್ಕನಿಯ ಚಪ್ಪಲಿ ಕಪಾಟಿನಲ್ಲಿ ಬಚ್ಚಿಟ್ಟು, ಆಯಿಗೆ ಕಾಣದಂತೆ ತಟ್ಟೆಗೆ ಹಾಕಿ ಆಫೀಸಿಗೆ ಹೋಗುತ್ತಿದ್ದೆ. ಸಸ್ಯಾಹಾರಿ ಗುಳಿಗೆಗಳೂ ಪೇಟೆಯಲ್ಲಿವೆ. ಸರಿಯಾಗಿ ಹೊಂದಿಸಿದರೆ ಬೆಳೆದ ನಾಯಿ ಅದರಲ್ಲಿ ಬದುಕುತ್ತದೆ, ಆದರೆ ಒಮ್ಮೆ ಬಿದ್ದೆದ್ದ ಮರಿಯ ಮೇಲೆ ಪ್ರಯೋಗ ಬೇಡ ಎಂದಿದ್ದರು ಡಾಕ್ಟರು. ಬುಧವಾರ ಸಂಜೆ ಬಂದು ನೋಡಿದರೆ ಡಬ್ಬಿ ಅಡುಗೆಮನೆಯ ಕಟ್ಟೆಯ ತುದಿಯಲ್ಲಿತ್ತು, ಪಕ್ಕದಲ್ಲಿ ತೂಕದ ಯಂತ್ರ. "ಚಪ್ಪಲಿ ಇಡೋ ಕಡೆ ಊಟ ಇಡ್ತಾರನೋ?" ಎಂದಳು ಆಯಿ. "ಅದರಲ್ಲಿ ಕೋಳಿ ಇದೆ ಆಯಿ," ಎಂದೆ. "ಗೊತ್ತು. ಕೂಸು ಓದಿ ಹೇಳಿತು. ಹಸು ಹುಲ್ಲು ತಿಂತದೆ, ಬೆಕ್ಕು ಇಲಿ ತಿಂತದೆ. ಅದರ ಊಟಕ್ಕೆ ನನ್ನ ಮಡಿ ಯಾಕೆ?" ಹಾಗೆಂದವಳು ಗುಳಿಗೆ ಮುಟ್ಟಿದ ಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಾಳೆ, ಅದು ಬೇರೆ.

ಆ ರಾತ್ರಿ ಗೋಲಿ ಅವಳ ಕಾಲ ಬಳಿ ಮಲಗಿದ್ದಾಗ ಆಯಿ ತಾನಾಗಿಯೇ ಕಾಳನ ಮಾತು ತೆಗೆದಳು. "ಹದಿಮೂರು ವರ್ಷ ಇದ್ದದ್ದು ಕಾಳ ಒಬ್ಬನೇ. ಅವನ ಜೊತೆ ಹುಟ್ಟಿದವು ಇನ್ನೂ ಐದಿದ್ದವು."

"ಅವು ಎಲ್ಲಿ ಹೋದವು?"

"ಒಂದರ ಕಾಲು ಸೊಟ್ಟ ಆಗಿ ಏಳಲೇ ಇಲ್ಲ. ಎರಡು ಹೀಗೇ, ಬೆಳಿಗ್ಗೆ ನೋಡಿದ್ರೆ ತಣ್ಣಗೆ. ಉಳಿದವು ನೆನಪಿಲ್ಲ. ಆವಾಗ ಚಳಿಗೆ ಹೋದವು ಅಂದ್ಕೊಂಡಿದ್ವಿ."

ನಾನು ಗದ್ದೆಯ ಇಲಿ ತೋರಿಸಿ ಗೆದ್ದ ವಾದ ನೆನಪಾಯಿತು. ಅನ್ನವಾಗಲಿ ಮಾಂಸವಾಗಲಿ ಎರಡರಲ್ಲೂ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಬರೀ ಅದನ್ನೇ ತಿಂದ ಮರಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳುತ್ತದೆ, ಕಾಲು ಸೊಟ್ಟಗಾಗುತ್ತದೆ ಎಂದು ನಾನು ಓದಿದ್ದೆ. ಹೇಳಲಿಲ್ಲ. ಆಯಿ ಗೋಲಿಯ ಹೊಟ್ಟೆಯ ಮೇಲೆ ಕೈ ಇಟ್ಟು ಉಸಿರು ನೋಡುತ್ತಿದ್ದಳು.

ಈಗ ಗೋಲಿಗೆ ಐದು ತಿಂಗಳು, ಮೂರು ಕಿಲೋ ನೂರು ಗ್ರಾಂ. ಊಟ ಮೂರು ಹೊತ್ತಿಗೆ ಇಳಿದಿದೆ. ಪ್ರತಿ ಸೋಮವಾರ ಆಯಿ ತೂಕ ನೋಡಿ, ಊರಿನ ಸೊಸೈಟಿಯಿಂದ ಬಂದ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಅಪ್ಪನ ಫಾಸ್ಟಿಂಗ್ ಶುಗರನ್ನು ಬರೆಯುತ್ತಿದ್ದ ಹಾಗೆಯೇ, ತಾರೀಕಿನ ಚೌಕದ ಕೆಳಗಿನ ಬಲಮೂಲೆಯಲ್ಲಿ, ಸಣ್ಣಗೆ. ಸಂಜೆ ಕೆಳಗೆ ಪಾರ್ಕಿಗೆ ಕರೆದುಕೊಂಡು ಹೋಗುತ್ತಾಳೆ. ನಾಯಿ ಇರುವವರು ಒಬ್ಬರನ್ನೊಬ್ಬರು ಹೆಸರಿನಿಂದ ಗುರುತಿಸುವುದಿಲ್ಲ, ನಾಯಿಯ ಹೆಸರಿನಿಂದ ಗುರುತಿಸುತ್ತಾರೆ. ಹಾಗಾಗಿ ಸೊಸೈಟಿಯ ತುಂಬ ಅವಳೀಗ 'ಗೋಲಿಚೀ ಆಜಿ'. ಪಾಯಸದ ದ್ರಾಕ್ಷಿ ನಾಯಿಗೆ ವಿಷ, ಈರುಳ್ಳಿ ವಿಷ ಎಂದು ತನಗೆ ಬಂದ ಅರೆ ಮರಾಠಿಯಲ್ಲಿ ಎಲ್ಲರಿಗೂ ಹೇಳುತ್ತಾಳಂತೆ.

ಹಾಲ್‌ನಲ್ಲಿ ಗೋಲಿಯ ಹಾಸಿಗೆಯ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಬಾಟಲಿ ಇದೆ, ಅದರ ತಳದಲ್ಲಿ ಎರಡು ಬೆರಳು ಜೋನಿ ಬೆಲ್ಲ. ಈಗ ಅದರ ಅಗತ್ಯವಿಲ್ಲ, ಗೋಲಿ ದೊಡ್ಡವಳಾದಳು, ಸಕ್ಕರೆ ಇಳಿಯುವ ವಯಸ್ಸು ದಾಟಿತು ಎಂದು ಡಾಕ್ಟರು ಹೇಳಿದ್ದಾರೆ. ಮೊನ್ನೆ ಭಾನುವಾರ ಗೂಡು ಒರೆಸುವಾಗ ಬಾಟಲಿ ತೆಗೆದು ಅಡುಗೆಮನೆಗೆ ಒಯ್ಯಲು ಹೊರಟೆ.

"ಅಲ್ಲೇ ಇಡು," ಎಂದಳು ಆಯಿ, ಕ್ಯಾಲೆಂಡರಿನಿಂದ ತಲೆ ಎತ್ತದೆ.